ಕಾಲು ಹಿಡಿದರೂ ಮಾತ್ರೆ ಬಿಡದಿರಲು

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಐದು ವರ್ಷ, ದಿನಕ್ಕೊಂದರಂತೆ 1,826 ಮಾತ್ರೆ. ಕಾಯಿಲೆ ಮರಳದಂತೆ ತಡೆಯುವ ಅದೇ ಮಾತ್ರೆ ಕೆಲವರ ಮೀನಖಂಡವನ್ನು ನಡುರಾತ್ರಿ ಕಲ್ಲಾಗಿಸುತ್ತದೆ. ಮಲೆನಾಡಿನ ಮೂರು ತಾಲ್ಲೂಕುಗಳ ಮಹಿಳೆಯರು ಯಾರಿಗೂ ಹೇಳದೆ ನುಂಗಿಕೊಳ್ಳುವ ಈ ನೋವಿಗೆ ಪರಿಹಾರವಿದೆ.

ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾಯಿತೆಂದರೆ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಮನೆಗಳಲ್ಲಿ ಇರುಳು ತಡವಾಗಿ ಇಳಿಯುತ್ತದೆ. ಅಂಗಳದ ಚಪ್ಪರದಡಿ ತೂಗುವ ದೀಪದ ಬೆಳಕಿನಲ್ಲಿ ಹಸಿ ಅಡಿಕೆಯ ರಾಶಿಯ ಸುತ್ತ ಹೆಂಗಸರು ಸಾಲಾಗಿ ಕೂತು, ಮಡಚಿದ ಕಾಲಿನಡಿ ಮೆಟ್ಟುಗತ್ತಿಯನ್ನು ಒತ್ತಿಹಿಡಿದು ಸಿಪ್ಪೆ ಬಿಡಿಸುತ್ತಾರೆ. ಪಕ್ಕದ ಒಲೆಯ ಮೇಲೆ ಅಡಿಕೆಯ ಹಂಡೆ ಕುದಿಯುತ್ತಿರುತ್ತದೆ, ಬೆರಳುಗಳು ಚೊಗರಿನಿಂದ ಕಪ್ಪುಗಟ್ಟಿರುತ್ತವೆ, ಗಂಟೆ ಹತ್ತಾದರೂ ರಾಶಿ ಕರಗಿರುವುದಿಲ್ಲ.

ಹಾಗೆ ಗಂಟೆಗಟ್ಟಲೆ ಮಡಚಿಕೊಂಡಿದ್ದ ಕಾಲುಗಳನ್ನು ಹಾಸಿಗೆಯಲ್ಲಿ ಚಾಚಿದ ಎರಡು ಮೂರು ಗಂಟೆಗಳಲ್ಲಿ, ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಮೀನಿನಂತೆ ಉಬ್ಬಿರುವ ಮೀನಖಂಡವೆಂಬ ಸ್ನಾಯು ಇದ್ದಕ್ಕಿದ್ದಂತೆ ಗಂಟುಕಟ್ಟಿ, ಪಾದದ ಬೆರಳುಗಳು ಕೆಳಕ್ಕೆ ಸೆಟೆದು, ಮಲಗಿದವರನ್ನು ನರಳುತ್ತ ಎದ್ದು ಕೂರುವಂತೆ ಮಾಡುತ್ತದೆ. ಊರಮಾತಿನಲ್ಲಿ ಇದು ಕಾಲು ಹಿಡಿದುಕೊಳ್ಳುವುದು, ಇಲ್ಲವೇ ನರ ಎಳೆಯುವುದು. ದುಡಿದ ಯಾವ ಕಾಲಿಗೂ ಬರಬಹುದಾದ ಈ ನೋವು, ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಹಾರ್ಮೋನ್ ತಡೆಯುವ ಮಾತ್ರೆಯನ್ನು ನಿತ್ಯ ನುಂಗುತ್ತಿರುವ ಮಹಿಳೆಯರಲ್ಲಿ ವಾರಕ್ಕೆ ಹಲವು ಬಾರಿ, ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಎರಡು ಮೂರು ಬಾರಿ ಮರುಕಳಿಸಬಲ್ಲದು.

ಅಕ್ಟೋಬರ್ ತಿಂಗಳನ್ನು ಜಗತ್ತು ಸ್ತನ ಕ್ಯಾನ್ಸರ್ ಜಾಗೃತಿ ಮಾಸವೆಂದು ಆಚರಿಸುವಾಗ ಭಾಷಣಗಳೆಲ್ಲವೂ ಗಂಟನ್ನು ಬೇಗ ಪತ್ತೆಹಚ್ಚುವ ಬಗೆಯ ಸುತ್ತಲೇ ಸುಳಿಯುತ್ತವೆ. ಅದು ಬೇಕಾದ ಮಾತೇ ಹೌದು. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಈ ಕಾಯಿಲೆ ಕಾಣಿಸಿಕೊಂಡಿತು. ಆದರೆ ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಎಲ್ಲವನ್ನೂ ದಾಟಿ ಮನೆಗೆ ಬಂದವರ ಮುಂದಿನ ಐದು ಹತ್ತು ವರ್ಷಗಳ ದಿನಚರಿ ಯಾವ ವೇದಿಕೆಯನ್ನೂ ಹತ್ತುವುದಿಲ್ಲ.

ಗೂಡಿಗೆ ಬೀಗ, ಮೂಲಕ್ಕೆ ಒಡ್ಡು

ಸ್ತನ ಕ್ಯಾನ್ಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೆಣ್ಣಿನ ದೇಹದ ಸಹಜ ಹಾರ್ಮೋನಾದ ಈಸ್ಟ್ರೋಜನ್‌ನಿಂದ ಪೋಷಣೆ ಪಡೆಯುತ್ತವೆ. ಅಂಥ ಕ್ಯಾನ್ಸರ್ ಕೋಶಗಳಲ್ಲಿ ಈಸ್ಟ್ರೋಜನ್ ಬಂದು ಕೂರುವ ಗೂಡುಗಳಿರುತ್ತವೆ. ವೈದ್ಯರು ಇವುಗಳನ್ನು ಈಸ್ಟ್ರೋಜನ್ ರಿಸೆಪ್ಟರ್ ಎನ್ನುತ್ತಾರೆ, ಬಯಾಪ್ಸಿ ವರದಿಯಲ್ಲಿ ಇ.ಆರ್. ಪಾಸಿಟಿವ್ ಎಂದು ಬರೆದಿದ್ದರೆ ಆ ಗೂಡುಗಳು ಇವೆಯೆಂದು ಅರ್ಥ.

ಟಮಾಕ್ಸಿಫೆನ್ ಎಂಬ ಮಾತ್ರೆ ಆ ಗೂಡನ್ನು ತಾನೇ ಆಕ್ರಮಿಸಿಕೊಂಡು ಈಸ್ಟ್ರೋಜನ್‌ಗೆ ಎಡೆಯಿಲ್ಲದಂತೆ ಮಾಡುತ್ತದೆ. ಅನಸ್ಟ್ರೊಜೋಲ್, ಲೆಟ್ರೊಜೋಲ್, ಎಕ್ಸೆಮೆಸ್ಟೇನ್ ಎಂಬ ಇನ್ನೊಂದು ಗುಂಪಿನ ಮಾತ್ರೆಗಳು ಬೇರೆ ದಾರಿ ಹಿಡಿಯುತ್ತವೆ: ಮುಟ್ಟು ನಿಂತ ಮೇಲೂ ಕೊಬ್ಬು ಮತ್ತು ಸ್ನಾಯುಗಳಲ್ಲಿ ಅರೊಮಟೇಸ್ ಎಂಬ ಕಿಣ್ವದ ನೆರವಿನಿಂದ ಈಸ್ಟ್ರೋಜನ್ ತಯಾರಾಗುತ್ತಲೇ ಇರುವುದರಿಂದ, ಅವು ಆ ಕಿಣ್ವವನ್ನೇ ತಡೆದು ಹಾರ್ಮೋನಿನ ಮೂಲಕ್ಕೆ ಒಡ್ಡು ಕಟ್ಟುತ್ತವೆ.

ಇವುಗಳ ಫಲ ಸಣ್ಣದಲ್ಲ. ಇ.ಆರ್. ಪಾಸಿಟಿವ್ ಕ್ಯಾನ್ಸರಿನಲ್ಲಿ ಐದು ವರ್ಷ ಟಮಾಕ್ಸಿಫೆನ್ ನುಂಗಿದವರಲ್ಲಿ, ಮುಂದಿನ ಹದಿನೈದು ವರ್ಷಗಳ ಅವಧಿಯಲ್ಲಿ ಆ ಕಾಯಿಲೆಯಿಂದ ಸಾಯುವ ಸಂಭವ ಸುಮಾರು ಮೂರನೇ ಒಂದು ಪಾಲಿನಷ್ಟು ತಗ್ಗುತ್ತದೆಂಬುದು ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ದೃಢಪಟ್ಟಿದೆ. 2012ರ ಕೊನೆಯಲ್ಲಿ ಪ್ರಕಟವಾದ ಅಟ್ಲಾಸ್ ಎಂಬ ಅಧ್ಯಯನ, ಐದರ ಬದಲು ಹತ್ತು ವರ್ಷ ಮುಂದುವರಿಸಿದರೆ ಮರುಕಳಿಕೆ ಇನ್ನಷ್ಟು ತಗ್ಗುತ್ತದೆಂದು ತೋರಿಸಿತು.

ಮಾತ್ರೆ ಕೆಲಸ ಮಾಡಬೇಕಾದರೆ ಅದು ಹೊಟ್ಟೆಗೆ ಇಳಿಯಬೇಕಷ್ಟೆ, ತೊಡಕಿರುವುದು ಅಲ್ಲಿಯೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 8,769 ಮಹಿಳೆಯರ ಔಷಧ ಖರೀದಿಯ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಿಗದಿತ ಅವಧಿಯನ್ನು ಸರಿಯಾದ ಕ್ರಮದಲ್ಲಿ ಪೂರೈಸಿದವರು ಶೇ 49ರಷ್ಟು ಮಾತ್ರ ಎಂದು ಕಂಡುಬಂತು. ಔಷಧ ಅಂಗಡಿ ಬೀದಿಯ ತುದಿಯಲ್ಲೇ ಇರುವ ನಾಡಿನ ಕತೆ ಇದಾದರೆ, ತಜ್ಞವೈದ್ಯರನ್ನು ಕಾಣಲು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಬಸ್ಸು ಬದಲಿಸಿ ಶಿವಮೊಗ್ಗಕ್ಕೋ, ರಾತ್ರಿಯಿಡೀ ಪ್ರಯಾಣಿಸಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಬೇಕಾದ ಮಲೆನಾಡಿನ ಮಹಿಳೆ, ನಿದ್ದೆಗೆಡಿಸುವ ಮಾತ್ರೆಯನ್ನು ಸದ್ದಿಲ್ಲದೆ ಕಪಾಟಿನಲ್ಲಿಟ್ಟುಬಿಟ್ಟರೆ ಆಕೆಯನ್ನು ದೂರುವುದು ನ್ಯಾಯವಲ್ಲ. ಕಾಲುಸೆಳೆತವನ್ನು ಕ್ಷುಲ್ಲಕವೆಂದು ತಳ್ಳಿಹಾಕಬಾರದೆಂಬ ವಾದಕ್ಕೆ ಮುಖ್ಯ ಆಧಾರವೂ ಇದೇ: ನೋವನ್ನು ತಗ್ಗಿಸುವುದೆಂದರೆ ಮಾತ್ರೆಯನ್ನು ಉಳಿಸಿಕೊಳ್ಳುವುದು.

[ಚೌಕಟ್ಟು] ಮಾತ್ರೆ ಬಂದ ದಾರಿ
● 1896: ಅಂಡಾಶಯಗಳನ್ನು ತೆಗೆದಾಗ ಮುಂದುವರಿದ ಸ್ತನ ಕ್ಯಾನ್ಸರ್ ಕುಗ್ಗಿದ್ದನ್ನು ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ಪ್ರಕಟಿಸಿದರು.
● 1962: ಬ್ರಿಟನ್ನಿನ ಐ.ಸಿ.ಐ. ಕಂಪನಿಯ ರಸಾಯನ ವಿಜ್ಞಾನಿ ಡೋರಾ ರಿಚರ್ಡ್‌ಸನ್ ಟಮಾಕ್ಸಿಫೆನ್ ತಯಾರಿಸಿದರು. ಆಗ ಹುಡುಕುತ್ತಿದ್ದುದು ಗರ್ಭನಿರೋಧಕವನ್ನು.
● 1973: ಬ್ರಿಟನ್ನಿನಲ್ಲಿ ಸ್ತನ ಕ್ಯಾನ್ಸರಿಗೆ ಅನುಮತಿ, 1977ರಲ್ಲಿ ಅಮೆರಿಕದಲ್ಲಿ.
● ಸಾಮಾನ್ಯ ಪ್ರಮಾಣ: ದಿನಕ್ಕೆ 20 ಮಿಲಿಗ್ರಾಂ.

ಎಳೆಯುವುದು ನರವಲ್ಲ

ಸೆಳೆತದ ಸಮಯದಲ್ಲಿ ಎಳೆದಂತೆ ತೋರುವುದು ನರವಾದರೂ ಬಿಗಿಯುವುದು ಸ್ನಾಯು. ಸ್ನಾಯುವಿಗೆ ಅಪ್ಪಣೆ ಕೊಡುವ ನರತಂತು ತನ್ನಷ್ಟಕ್ಕೆ ತಾನೇ ಮತ್ತೆ ಮತ್ತೆ ಮಿಡಿದು ಸಂಕುಚಿಸುವ ಸಂದೇಶವನ್ನು ಬಿಡದೆ ಕಳುಹಿಸುವುದರಿಂದ, ಸಡಿಲಗೊಳ್ಳುವ ಅವಕಾಶವೇ ಇಲ್ಲದೆ ಸ್ನಾಯು ಗಟ್ಟಿಯಾಗುತ್ತದೆ. ಅದು ಮೊದಲೇ ಕುಗ್ಗಿದ ಭಂಗಿಯಲ್ಲಿದ್ದರೆ ಸೆಳೆತ ಸುಲಭವಾಗಿ ಹಿಡಿಯುತ್ತದೆ. ಮಲೆನಾಡಿನ ಚಳಿಗೆ ಹೊದೆದ ಭಾರದ ಕಂಬಳಿ ಪಾದವನ್ನು ಕೆಳಕ್ಕೆ ಒತ್ತಿಹಿಡಿದು ಮೀನಖಂಡವನ್ನು ಅಂಥ ಕುಗ್ಗಿದ ಸ್ಥಿತಿಗೇ ತರುವುದರಿಂದ, ಕಂಬಳಿಯ ತುದಿಯನ್ನು ಹಾಸಿಗೆಯಡಿ ಸಿಕ್ಕಿಸದೆ ಸಡಿಲವಾಗಿ ಬಿಡುವುದೂ ಒಂದು ಉಪಾಯವೇ ಆಗಿದೆ.

ಟಮಾಕ್ಸಿಫೆನ್‌ನ ಔಷಧ ಮಾಹಿತಿಯಲ್ಲಿ ಕಾಲುಸೆಳೆತವನ್ನು ಸಾಮಾನ್ಯ ಅಡ್ಡಪರಿಣಾಮಗಳ ವರ್ಗಕ್ಕೆ, ಅಂದರೆ ನೂರರಲ್ಲಿ ಒಬ್ಬರಿಂದ ಹತ್ತು ಮಂದಿಯವರೆಗೆ ಕಾಣಿಸಬಹುದಾದವುಗಳ ಸಾಲಿಗೆ ಸೇರಿಸಲಾಗಿದೆ. ಅರೊಮಟೇಸ್ ತಡೆಯುವ ಮಾತ್ರೆಗಳಲ್ಲಿ ಕೀಲುಗಳ ಬಿಗಿತ ಮತ್ತು ನೋವು ಮುಂದೆ ನಿಂತರೂ ಸ್ನಾಯುನೋವು, ಸೆಳೆತಗಳು ಅದರ ಬೆನ್ನಿಗೇ ಬರುತ್ತವೆ. ಈಸ್ಟ್ರೋಜನ್ ಗರ್ಭಕೋಶ, ಸ್ತನಗಳ ಹಾರ್ಮೋನ್ ಮಾತ್ರವಲ್ಲದೆ ಸ್ನಾಯು, ಮೂಳೆ, ನರಗಳ ಮೇಲೂ ಕೆಲಸ ಮಾಡುವಂಥದ್ದಾದ್ದರಿಂದ, ಅದನ್ನು ತಡೆದಾಗ ಆ ಅಂಗಗಳೂ ತಮ್ಮ ಕೊರತೆಯನ್ನು ತೋರಿಸಿಕೊಳ್ಳುವುದು ಸಹಜ.

ಆದರೂ ಎಲ್ಲ ದೂರನ್ನೂ ಹಾರ್ಮೋನ್ ಮಾತ್ರೆಯ ತಲೆಗೇ ಕಟ್ಟುವುದು ಸರಿಯಲ್ಲ. ಥೈರಾಯ್ಡ್ ಗ್ರಂಥಿಯ ಆಲಸ್ಯ, ಕ್ಯಾಲ್ಸಿಯಂ ಅಥವಾ ಡಿ ಜೀವಸತ್ವದ ಕೊರತೆ, ಸಕ್ಕರೆ ಕಾಯಿಲೆ, ಉಬ್ಬಿದ ರಕ್ತನಾಳ, ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಹಿಂದೆ ಪಡೆದ ಕಿಮೊಥೆರಪಿಯಿಂದ ಹಾನಿಗೊಂಡ ಪಾದದ ನರಗಳು, ಮೂಳೆ ಸವೆತಕ್ಕೆ ಚುಚ್ಚುವ ಜೊಲೆಡ್ರೊನಿಕ್ ಆಮ್ಲದಿಂದ ಇಳಿದ ಕ್ಯಾಲ್ಸಿಯಂ ಇವುಗಳಲ್ಲಿ ಯಾವುದೂ ಸೆಳೆತಕ್ಕೆ ಕಾರಣವಾಗಬಲ್ಲದು. ತಿಂಗಳುಗಟ್ಟಲೆ ಸೂರ್ಯ ಮುಖ ತೋರಿಸದ ಹುಲಿಕಲ್, ಆಗುಂಬೆಗಳ ಮಳೆಗಾಲವನ್ನು ಕಳೆದ ಮಹಿಳೆಯಲ್ಲಿ ಡಿ ಜೀವಸತ್ವದ ಮಟ್ಟವನ್ನು ಒಮ್ಮೆ ಅಳೆಸುವುದು ವಿವೇಕದ ಕೆಲಸ. ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಗಳೂ ಅದೇ ರಕ್ತದ ಮಾದರಿಯಲ್ಲೇ ಮುಗಿಯುತ್ತವೆ.

ಸೆಳೆತದ ವೇಷದ ಅಪಾಯ

ಈ ಲೇಖನದಲ್ಲಿ ಮರೆಯಬಾರದ ಮಾತೊಂದಿದ್ದರೆ ಅದು ಇಲ್ಲಿದೆ. ಟಮಾಕ್ಸಿಫೆನ್ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಎರಡರಿಂದ ಮೂರು ಪಟ್ಟು ಹೆಚ್ಚಿಸುತ್ತದೆ, ಮತ್ತು ಆ ಹೆಪ್ಪಿನ ನೋವು ಶುರುವಾಗುವುದೂ ಬಹುಮಟ್ಟಿಗೆ ಮೀನಖಂಡದಲ್ಲಿಯೇ.

ಸೆಳೆತ ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳಲ್ಲಿ ಬಿಟ್ಟುಹೋಗುತ್ತದೆ, ಎಳೆದು ಚಾಚಿದರೆ ಸಡಿಲವಾಗುತ್ತದೆ, ಮಾರನೆಯ ದಿನ ಹೆಚ್ಚೆಂದರೆ ಪೆಟ್ಟು ಬಿದ್ದಂತೆ ನೋಯುತ್ತದೆ. ಹೆಪ್ಪಾದರೆ ನೋವು ಗಂಟೆಗಟ್ಟಲೆ, ದಿನಗಟ್ಟಲೆ ನಿಲ್ಲುತ್ತದೆ, ಒಂದೇ ಕಾಲು ಊದುತ್ತದೆ, ಚರ್ಮ ಬೆಚ್ಚಗಾಗಿ ಕೆಂಪಗೋ ಕಂದುಗಟ್ಟಿಯೋ ಕಾಣುತ್ತದೆ. ಅಂಥ ಕಾಲನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು ಅಪಾಯಕಾರಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಸಾಗಿದರೆ ಏದುಸಿರು, ಎದೆನೋವು ಕಾಣಿಸಿಕೊಂಡು ಪ್ರಾಣಕ್ಕೇ ಎರವಾಗಬಹುದು.

ಶರಾವತಿಯ ಹಿನ್ನೀರಿನಾಚೆಯ ತುಮರಿ ಸುತ್ತಿನ ಹಳ್ಳಿಗಳಿಗೆ ಇಂಥ ರಾತ್ರಿಗಳ ಕಷ್ಟ ಚೆನ್ನಾಗಿ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಂದಿನಿಂದ, ಕತ್ತಲಾದ ಮೇಲೆ ಲಾಂಚ್ ಇಲ್ಲದೆ ರೋಗಿಯನ್ನು ಸಾಗರಕ್ಕೆ ತರಲು ಬೆಳಗಿನವರೆಗೆ ಕಾಯಬೇಕಿತ್ತು, ಇಲ್ಲವೇ ಬಳಸುದಾರಿ ಹಿಡಿಯಬೇಕಿತ್ತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿದೆ. ಊದಿದ ಕಾಲಿಗೆ ಬೆಳಗಾಗಲೆಂದು ಕಾಯುವ ಅಭ್ಯಾಸವೂ ತಪ್ಪಬೇಕಾಗಿದೆ.

[ಚೌಕಟ್ಟು] ಮೀನಖಂಡ ನೋಯುತ್ತಿದೆ, ಜೊತೆಗೆ ಜ್ವರವಿದ್ದರೆ?
● ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದ ದಿನಗಳ ನಂತರ ಜ್ವರ, ಕೆಂಗಣ್ಣು, ಮುಟ್ಟಿದರೆ ಸಹಿಸಲಾಗದ ಮೀನಖಂಡ: ಇಲಿಜ್ವರದ ಲಕ್ಷಣ.
● ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಕಾಡಿಗೆ ಹೋಗಿ ಬಂದ ಮೇಲೆ ತೀವ್ರ ಜ್ವರ, ಮೈಯೆಲ್ಲ ಸ್ನಾಯುನೋವು: ಮಂಗನ ಕಾಯಿಲೆಯ ಶಂಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗವನ್ನು ತತ್ತರಿಸುವಂತೆ ಮಾಡಿತ್ತು.
● ಹಾರ್ಮೋನ್ ಮಾತ್ರೆಯ ಸೆಳೆತ ಜ್ವರ ತರುವುದಿಲ್ಲ.

ಜಗಲಿ ಕಂಬದ ವ್ಯಾಯಾಮ

ಸೆಳೆತ ಹಿಡಿದ ಕ್ಷಣದಲ್ಲಿ ಮೊಣಕಾಲನ್ನು ನೇರವಾಗಿ ಚಾಚಿ, ಪಾದದ ಬೆರಳುಗಳನ್ನು ಕೈಯಿಂದ ಮುಖದತ್ತ ಎಳೆದುಕೊಳ್ಳಬೇಕು. ಕೈ ತಲುಪದವರು ಟವಲನ್ನು ಪಾದಕ್ಕೆ ಸುತ್ತಿ ಅದರ ಎರಡು ತುದಿಗಳನ್ನು ಎಳೆಯಬಹುದು, ಅಥವಾ ಎದ್ದು ನಿಂತು ಹಿಮ್ಮಡಿಯನ್ನು ನೆಲಕ್ಕೆ ಒತ್ತಬಹುದು. ಕುಗ್ಗಿದ ಸ್ನಾಯುವನ್ನು ಹೀಗೆ ಹಿಗ್ಗಿಸಿದಾಗ ಅದರ ತಂತುಗಳಿಂದ ಹೊರಡುವ ಮರುಸಂದೇಶ, ಬಿಡದೆ ಮಿಡಿಯುತ್ತಿರುವ ನರವನ್ನು ತಣ್ಣಗಾಗಿಸುತ್ತದೆ. ಬಿಗಿ ಬಿಟ್ಟ ಮೇಲೆ ಮೃದುವಾಗಿ ನೀವುವುದು, ಬಿಸಿನೀರಿನ ಶಾಖ ಕೊಡುವುದು ಉಳಿದ ನೋವನ್ನು ಇಳಿಸುತ್ತದೆ.

ಬಾರದಂತೆ ತಡೆಯುವ ವಿಚಾರದಲ್ಲಿ ಖರ್ಚಿಲ್ಲದ ಉಪಾಯವೇ ಮೊದಲು ನಿಲ್ಲುತ್ತದೆ. ನೆದರ್ಲೆಂಡ್ಸ್‌ನಲ್ಲಿ 55 ವರ್ಷ ಮೇಲ್ಪಟ್ಟ 80 ಮಂದಿಯ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರು ವಾರ ಕಾಲ ಪ್ರತಿದಿನ ಮಲಗುವ ಮುನ್ನ ಮೀನಖಂಡ ಮತ್ತು ತೊಡೆಯ ಹಿಂಬದಿಯ ಸ್ನಾಯುಗಳನ್ನು ಹಿಗ್ಗಿಸಿದವರಲ್ಲಿ ರಾತ್ರಿಯ ಸೆಳೆತದ ಸಂಖ್ಯೆಯೂ ತೀವ್ರತೆಯೂ ತಗ್ಗಿತು. ಅವರು ಕ್ಯಾನ್ಸರ್ ರೋಗಿಗಳಲ್ಲ; ಆದರೂ ಅಪಾಯವಿಲ್ಲದ, ಕಾಸು ಬೇಡದ ಈ ಕ್ರಮವನ್ನು ಹಾರ್ಮೋನ್ ಮಾತ್ರೆ ನುಂಗುವವರು ಪ್ರಯತ್ನಿಸದಿರಲು ಕಾರಣವೇ ಇಲ್ಲ.

ಮಲೆನಾಡಿನ ಮನೆಯ ಜಗಲಿ ಕಂಬ ಇದಕ್ಕೆ ಹೇಳಿ ಮಾಡಿಸಿದ ಸಾಧನ. ಕಂಬದಿಂದ ಒಂದು ತೋಳಿನಳತೆ ದೂರ ನಿಂತು, ಎರಡೂ ಕೈಗಳಿಂದ ಅದನ್ನು ಹಿಡಿದು, ಒಂದು ಕಾಲನ್ನು ಹಿಂದಿಟ್ಟು ಅದರ ಮೊಣಕಾಲು ಬಾಗದಂತೆ, ಹಿಮ್ಮಡಿ ನೆಲ ಬಿಡದಂತೆ ನೋಡಿಕೊಂಡು ಮೈಯನ್ನು ನಿಧಾನವಾಗಿ ಮುಂದಕ್ಕೆ ವಾಲಿಸಿದರೆ ಮೀನಖಂಡ ಹಿಗ್ಗುವುದು ತಾನಾಗಿ ಅನುಭವಕ್ಕೆ ಬರುತ್ತದೆ. ಹತ್ತರಿಂದ ಮೂವತ್ತು ಸೆಕೆಂಡು ಹಾಗೇ ನಿಂತು, ಪ್ರತಿ ಕಾಲಿಗೂ ಮೂರು ಬಾರಿ ಮಾಡಿದರೆ ಸಾಕು. ಅಡಿಕೆ ಸುಲಿಯುವ ದಿನಗಳಲ್ಲಿ ಗಂಟೆಗೊಮ್ಮೆ ಎದ್ದು ಇದನ್ನೇ ಮಾಡುವುದು ಇನ್ನೂ ಒಳ್ಳೆಯದು.

ಅರೊಮಟೇಸ್ ತಡೆಯುವ ಮಾತ್ರೆಯ ಕೀಲುನೋವಿಗೂ ಚಲನೆಯೇ ಮದ್ದೆಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ: ವಾರಕ್ಕೆ ಎರಡು ಬಾರಿ ಭಾರ ಎತ್ತುವ ವ್ಯಾಯಾಮ, ಜೊತೆಗೆ ವಾರಕ್ಕೆ ಎರಡೂವರೆ ಗಂಟೆ ಚುರುಕಾದ ನಡಿಗೆ ಮಾಡಿದವರಲ್ಲಿ ನೋವು ಗಣನೀಯವಾಗಿ ಇಳಿಯಿತು. ದಿನವಿಡೀ ತೋಟ, ಕೊಟ್ಟಿಗೆ, ಅಡುಗೆಮನೆ ಸುತ್ತುವವರಿಗೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಮನೆಗಳಲ್ಲಿ ಏಳುತ್ತದೆ; ಬಾಗಿ ಕೂರುವ ದುಡಿಮೆ ಸ್ನಾಯುವನ್ನು ದಣಿಸುತ್ತದೆಯೇ ಹೊರತು ಹಿಗ್ಗಿಸುವುದಿಲ್ಲ ಎಂಬುದೇ ಅದಕ್ಕೆ ಉತ್ತರ, ಮತ್ತು ಆ ಅರ್ಧ ಗಂಟೆಯನ್ನು ಆಕೆಗೆ ಬಿಟ್ಟುಕೊಡುವುದು ಮನೆಯ ಉಳಿದವರ ಹೊಣೆ.

ಭರಣಿ, ಕಷಾಯ, ಗುಳಿಗೆ

ಔಷಧ ಅಂಗಡಿಯಲ್ಲಿ ಸೆಳೆತಕ್ಕೆಂದು ಕೇಳಿದರೆ ಮೆಗ್ನೀಸಿಯಂ ಗುಳಿಗೆ ಕೈಗೆ ಬರುವುದುಂಟು. ಹಲವು ಪ್ರಯೋಗಗಳನ್ನು ಒಟ್ಟಾಗಿ ತೂಗಿದ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆಯ ಪ್ರಕಾರ, ವಯಸ್ಸಾದವರ ರಾತ್ರಿಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಕೊಡುವುದು ಬೇರೆ ಮಾತು. ಕೆ2 ಜೀವಸತ್ವದಿಂದ ವಯಸ್ಸಾದವರ ಸೆಳೆತ ತಗ್ಗಿತೆಂದು ಚೀನಾದ ಪ್ರಯೋಗವೊಂದು 2024ರಲ್ಲಿ ವರದಿ ಮಾಡಿದೆಯಾದರೂ, ರಕ್ತ ತೆಳುಮಾಡುವ ವಾರ್ಫರಿನ್ ಔಷಧದ ಕೆಲಸವನ್ನು ಕೆ ಜೀವಸತ್ವ ಕೆಡಿಸುವುದರಿಂದ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಮಲೇರಿಯಾದ ಕಾಲದಲ್ಲಿ ಮಲೆನಾಡಿಗೆ ಚಿರಪರಿಚಿತವಾಗಿದ್ದ ಕ್ವಿನೈನ್ ಒಂದು ಕಾಲಕ್ಕೆ ಜಗತ್ತಿನಾದ್ಯಂತ ಕಾಲುಸೆಳೆತದ ಮದ್ದೂ ಆಗಿತ್ತು. ಅದು ರಕ್ತದ ಕಿರುಬಿಲ್ಲೆಗಳನ್ನು ಅಪಾಯದ ಮಟ್ಟಕ್ಕೆ ಇಳಿಸಿ, ಹೃದಯದ ಲಯ ತಪ್ಪಿಸಬಲ್ಲದೆಂಬ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ಆ ಬಳಕೆಯ ವಿರುದ್ಧ ಎಚ್ಚರಿಕೆ ನೀಡಿತು.

ಮನೆಯ ಭರಣಿಯ ಕಡೆಗೂ ಒಮ್ಮೆ ನೋಡಬಹುದು. ಸೌತೆಯ ಉಪ್ಪಿನಕಾಯಿಯ ಹುಳಿ ಉಪ್ಪುನೀರನ್ನು ಕುಡಿಸಿದಾಗ ಸೆಳೆತ ಬೇಗ ಬಿಟ್ಟದ್ದು 2010ರ ಪುಟ್ಟ ಪ್ರಯೋಗವೊಂದರಲ್ಲಿ ಕಂಡುಬಂತು. ಉಪ್ಪು ರಕ್ತಕ್ಕೆ ಸೇರುವುದಕ್ಕಿಂತ ಮುಂಚೆಯೇ ಪರಿಣಾಮ ಕಾಣಿಸಿದ್ದರಿಂದ, ಗಂಟಲಿಗೆ ತಾಗಿದ ಹುಳಿಯೇ ನರಗಳ ಮೂಲಕ ಸ್ನಾಯುವನ್ನು ಸಡಿಲಿಸುತ್ತದೆಂದು ಸಂಶೋಧಕರು ಊಹಿಸಿದರು. ಅದು ವಿನಿಗರ್ ಬೆರೆತ ನೀರಾದ್ದರಿಂದ ಫಲಿತಾಂಶವನ್ನು ಅಪ್ಪೆಮಿಡಿಯ ಭರಣಿಗೆ ನೇರವಾಗಿ ಅನ್ವಯಿಸಲಾಗದಿದ್ದರೂ, ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆ ಇಲ್ಲದವರು ಒಂದೆರಡು ಚಮಚ ಹುಳಿರಸ ಬಾಯಿಗೆ ಹಾಕಿಕೊಂಡು ನೋಡುವುದರಲ್ಲಿ ಕೆಡುಕಿಲ್ಲ. ನಿತ್ಯದ ಮಜ್ಜಿಗೆ, ಒಂದೆಲಗದ ತಂಬುಳಿ, ಎಳ್ಳು, ಹರಿವೆ ಸೊಪ್ಪು, ಮೀನು ತಿನ್ನುವ ಮನೆಗಳಲ್ಲಿ ಮುಳ್ಳಿನ ಸಮೇತ ಅಗಿಯಬಹುದಾದ ಸಣ್ಣಮೀನು, ಇವು ಸೆಳೆತದ ಔಷಧವಲ್ಲವಾದರೂ ಈಸ್ಟ್ರೋಜನ್ ಕಳೆದುಕೊಂಡ ಮೂಳೆಗಳಿಗೆ ಬೇಕಾದ ಆಹಾರ.

ಗಿಡಮೂಲಿಕೆಯ ವಿಷಯಕ್ಕೆ ಈ ಸೀಮೆಯಲ್ಲಿ ವಿಶೇಷ ತೂಕವಿದೆ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಕೊಡುತ್ತಿದ್ದ ತೊಗಟೆಯ ಔಷಧಕ್ಕಾಗಿ ದೇಶದ ಮೂಲೆಮೂಲೆಗಳಿಂದ ಕ್ಯಾನ್ಸರ್ ರೋಗಿಗಳು ರಾತ್ರಿಯಿಂದಲೇ ಸಾಲುಗಟ್ಟುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡರೂ ಬೇರು ತೊಗಟೆಗಳ ಮೇಲಿನ ಜನರ ಭರವಸೆ ಉಳಿದಿದೆ. ಆ ಭರವಸೆಯನ್ನು ಹೀಗಳೆಯದೆಯೇ ಹೇಳಬೇಕಾದ ಸಂಗತಿಯೆಂದರೆ, ಟಮಾಕ್ಸಿಫೆನ್ ಯಕೃತ್ತಿನಲ್ಲಿ ಎಂಡಾಕ್ಸಿಫೆನ್ ಎಂಬ ಪ್ರಬಲ ರೂಪಕ್ಕೆ ಬದಲಾದ ಮೇಲೆಯೇ ಪೂರ್ಣ ಕೆಲಸ ಮಾಡುತ್ತದೆ, ಮತ್ತು ಆ ಬದಲಾವಣೆಗೆ ಅಡ್ಡಬರುವ ವಸ್ತುಗಳಿವೆ. ಖಿನ್ನತೆಗೆ ಕೊಡುವ ಪರಾಕ್ಸೆಟಿನ್, ಫ್ಲುಆಕ್ಸೆಟಿನ್‌ಗಳು ಅಂಥವು. ಅರಿಶಿನದ ಸಾರವಾದ ಕರ್ಕ್ಯುಮಿನ್ನನ್ನು ಕಾಳುಮೆಣಸಿನ ಸಾರದ ಜೊತೆ ಭಾರಿ ಪ್ರಮಾಣದಲ್ಲಿ ಗುಳಿಗೆಯಾಗಿ ಕೊಟ್ಟಾಗಲೂ ರಕ್ತದಲ್ಲಿ ಎಂಡಾಕ್ಸಿಫೆನ್ ಇಳಿದದ್ದು 2019ರ ಡಚ್ ಅಧ್ಯಯನದಲ್ಲಿ ದಾಖಲಾಗಿದೆ. ಸಾರಿನ ಅರಿಶಿನಕ್ಕೂ ಸಂಜೆಯ ಜೀರಿಗೆ ಕೊತ್ತಂಬರಿ ಕಷಾಯಕ್ಕೂ ಈ ಭಯ ಬೇಡ. ಗುಳಿಗೆ, ಪುಡಿ, ತೊಗಟೆ ಯಾವುದನ್ನೇ ಶುರುಮಾಡುವ ಮುನ್ನ ಅದನ್ನು ಕ್ಯಾನ್ಸರ್ ವೈದ್ಯರ ಮುಂದೆ ಇಡಬೇಕು.

ಬಿಡುವ ಮುನ್ನ ಕೇಳಬೇಕಾದದ್ದು

ಸೆಳೆತ ತಾಳಲಾರದೆ ಎರಡು ದಿನ ಮಾತ್ರೆ ಬಿಟ್ಟು ನೋಡುವ ಪ್ರಯೋಗ ಹಲವರು ಮಾಡುವಂಥದ್ದು, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಟಮಾಕ್ಸಿಫೆನ್‌ನ ಅರ್ಧದಷ್ಟು ಅಂಶ ದೇಹದಿಂದ ಹೊರಹೋಗಲು ಐದರಿಂದ ಏಳು ದಿನ ಬೇಕಾಗುವುದರಿಂದ, ಮಾತ್ರೆ ಬಿಟ್ಟ ಎರಡನೇ ರಾತ್ರಿಯ ನೆಮ್ಮದಿಯಾಗಲಿ ನೋವಾಗಲಿ ಮಾತ್ರೆಯ ಬಗ್ಗೆ ಸಾಕ್ಷಿ ಹೇಳದು.

ವೈದ್ಯರ ಬಳಿ ಇರುವ ದಾರಿಗಳು ಹಲವು: ನುಂಗುವ ಹೊತ್ತನ್ನು ಬದಲಿಸುವುದು, ಕೆಲವು ವಾರ ಉದ್ದೇಶಪೂರ್ವಕವಾಗಿ ನಿಲ್ಲಿಸಿ ನೋವಿನ ಮೂಲ ಪತ್ತೆಹಚ್ಚುವುದು, ಒಂದು ಮಾತ್ರೆಯಿಂದ ಇನ್ನೊಂದಕ್ಕೆ ದಾಟಿಸುವುದು. ಅನಸ್ಟ್ರೊಜೋಲ್‌ನ ನೋವು ತಾಳದೆ ನಿಲ್ಲಿಸಿದ 179 ಮಹಿಳೆಯರಿಗೆ ಒಂದು ತಿಂಗಳ ಬಿಡುವಿನ ನಂತರ ಲೆಟ್ರೊಜೋಲ್ ಕೊಟ್ಟ ಫ್ರಾನ್ಸಿನ ಅಧ್ಯಯನದಲ್ಲಿ, ಆರು ತಿಂಗಳಾದಾಗ ಶೇ 71ಕ್ಕೂ ಹೆಚ್ಚು ಮಂದಿ ಹೊಸ ಮಾತ್ರೆಯಲ್ಲಿ ಉಳಿದಿದ್ದರು. ಒಂದೇ ಗುಂಪಿನ ಎರಡು ಔಷಧಗಳನ್ನು ಒಂದೇ ದೇಹ ಬೇರೆಬೇರೆಯಾಗಿ ಸ್ವೀಕರಿಸುತ್ತದೆ ಎಂಬ ಈ ಸಂಗತಿ, ಸಹಿಸಿಕೊಳ್ಳುವುದು ಇಲ್ಲವೇ ಬಿಟ್ಟುಬಿಡುವುದು ಎಂಬ ಎರಡೇ ದಾರಿ ಕಾಣುತ್ತಿರುವವರಿಗೆ ತಲುಪಬೇಕು.

ಅಷ್ಟು ದೂರದಿಂದ ಬಂದು ತಜ್ಞರ ಮುಂದೆ ಕೂರುವ ಐದು ನಿಮಿಷಗಳಲ್ಲಿ ಕಾಲಿನ ಮಾತು ಬಹುಪಾಲು ನಾಲಿಗೆಗೆ ಬರುವುದೇ ಇಲ್ಲ. ಜೀವ ಉಳಿಸಿದವರ ಮುಂದೆ ಕಾಲುನೋವಿನ ದೂರು ಹೇಳುವುದು ಕೃತಘ್ನತೆಯೆಂಬ ಸಂಕೋಚ ಅಡ್ಡಬರುತ್ತದೆ. ಅಡಿಕೆಯ ಕೂಲಿ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ, ಯಾವ ರಾತ್ರಿ, ಯಾವ ಕಾಲು, ಎಷ್ಟು ನಿಮಿಷ, ಅಂದು ಹಗಲು ಮಾಡಿದ ಕೆಲಸವೇನು, ನುಂಗಿದ ಬೇರೆ ಮಾತ್ರೆಗಳಾವುವು ಎಂದು ಒಂದು ತಿಂಗಳು ಬರೆದಿಟ್ಟು, ಮುಂದಿನ ತಪಾಸಣೆಗೆ ಹೊರಡುವಾಗ ಆ ಹಾಳೆಯನ್ನು ಹರಿದು ಹಳೆಯ ವರದಿಗಳ ಕಡತದ ಮೇಲೆಯೇ ಇಟ್ಟುಕೊಂಡರೆ, ವೈದ್ಯರು ಮೊದಲು ಓದುವುದು ಅದನ್ನೇ.